ಡಾಗ್ನಿಯ ಎಡಗಾಲಿನ ಬೂಟು

ಡಾಗ್ನಿಗೆ ಒಂದು ಚಾಳಿಯಿತ್ತು. ಚಳಿಗಾಲದಲ್ಲಿ ಕಾರು ಹತ್ತುವಾಗ ಸೀಟಿನ ಮೇಲೆ ಅಡ್ಡ ಕೂತು, ಕಾಲು ಹೊರಗೇ ಬಿಟ್ಟು, ಎರಡೂ ಬೂಟುಗಳನ್ನು ಒಂದಕ್ಕೊಂದು ಟಪಟಪ ಬಡಿದು ಹಿಮ ಉದುರಿಸುತ್ತಿದ್ದಳು. ಅಷ್ಟನ್ನು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಅವಳು ಮಾತ್ರ ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೂ ಸುಮ್ಮನಿರುತ್ತಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದ ಗಂಡ ಎವರ್ಟ್ ಗಾಡಿ ಚಾಲೂ ಮಾಡಿದ ಕೂಡಲೇ ಎಡಗಾಲಿನ ಬೂಟನ್ನು, ಇಬ್ಬರ ನಡುವೆ ಡ್ಯಾಶ್‌ಬೋರ್ಡಿನ ಕೆಳಗಿದ್ದ ನಡುವಿನ ಹಲಗೆಗೆ ಧಡ್ ಎಂದು ಇನ್ನೊಮ್ಮೆ ಬಡಿಯುತ್ತಿದ್ದಳು.

"ಹೊರಗೆ ಬಡಿದಾಯ್ತಲ್ಲ, ಒಳಗ್ಯಾಕೆ ಮತ್ತೆ? ಇದೇನು ಕಾರಾ, ದನದ ಕೊಟ್ಟಿಗೇನಾ?" ಎಂದು ಎವರ್ಟ್ ರೇಗುತ್ತಿದ್ದ.

"ಒಂಚೂರು ಹಿಮ ಉಳ್ಕೊಂಡಿತ್ತು. ನಡಿ, ಹೊತ್ತಾಯ್ತು."

ಅಂಗಡಿಗೆ ಹೋಗುವಾಗಲೂ ಇದೇ ಮಾತು, ಚರ್ಚಿಗೆ ಹೋಗುವಾಗಲೂ ಇದೇ ಮಾತು. ಕೆಲಸದಿಂದ ನಿವೃತ್ತನಾದ ಮೇಲೆ ಎವರ್ಟ್ ಅವಳಿಲ್ಲದೆ ಕಾರು ತೆಗೆದದ್ದೇ ಅಪರೂಪ. ಹಾಗಾಗಿ ಈ ಜಗಳ ಪ್ರತಿ ಚಳಿಗಾಲವೂ ಚಾಚೂ ತಪ್ಪದೆ ನಡೆದುಕೊಂಡು ಬಂತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಡಾಗ್ನಿ ಲಿಂಗನ್ ಹಣ್ಣಿನ ಜಾಮ್ ಕುದಿಸುತ್ತ ಒಲೆಯ ಮುಂದೆಯೇ ಕುಸಿದಳು. ಜಾಮ್ ತಳ ಹಿಡಿದು ಸೀದ ವಾಸನೆ ಬಂದ ಮೇಲೆಯೇ ಎವರ್ಟ್ ಅಂಗಳದಿಂದ ಒಳಗೆ ಬಂದದ್ದು. ಆಂಬುಲೆನ್ಸ್ ಬಂತು, ಎರಡು ಗಂಟೆ ದಾರಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಪಾರ್ಶ್ವವಾಯು ಬಡಿದು ಬಲಗಡೆಯ ಕೈಕಾಲು ಹೋಯಿತು, ಮಾತೂ ಹೋಯಿತು.

ಉಳಿದದ್ದು ಒಂದೇ ಒಂದು ಸದ್ದು. ನಮ್ಮ ಉತ್ತರದ ಕಡೆ ಹೌದು ಅನ್ನುವುದಕ್ಕೆ ಬಾಯಿಬಿಡಬೇಕಾಗಿಲ್ಲ, ಉಸಿರನ್ನು ಸುಯ್ ಎಂದು ಒಳಗೆಳೆದರೆ ಆಯಿತು. ಗಂಡನ ಹೆಸರು ಮರೆತ ಡಾಗ್ನಿ, ಮಗಳನ್ನು ನೋಡಿ ಯಾರೋ ಎಂಬಂತೆ ನಗುವ ಡಾಗ್ನಿ, ಆ ಒಂದು ಉಸಿರನ್ನು ಮಾತ್ರ ಮರೆತಿರಲಿಲ್ಲ. ರೋಗ ಅದನ್ನಾದರೂ ಬಿಟ್ಟಿತಲ್ಲ ಎಂದು ಎವರ್ಟ್ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅತ್ತ.

ಮನೆಯಲ್ಲಿ ಉಳಿದವರು ಮೂವರು. ಮಗಳು ಲಿಸ್ಬೆತ್, ಗಂಡನನ್ನು ಬಿಟ್ಟು ಬಂದಾಗಿನಿಂದ ಮಹಡಿಯ ಮೇಲಿದ್ದಳು. ಅಂಚೆ ಹಂಚುವ ಕೆಲಸ. ಓಡಾಡಲು ಅಂಚೆಯ ಗಾಡಿ, ಸಂಜೆ ಅದನ್ನು ಅಂಚೆ ಕಚೇರಿಯಲ್ಲೇ ಬಿಟ್ಟು ಬರಬೇಕು. ಅವಳ ಮಗಳು, ಎವರ್ಟನ ಮೊಮ್ಮಗಳು ತಿಲ್ಡೆಗೆ ಇಪ್ಪತ್ತೆರಡು, ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದಳು. ಇಡೀ ಮನೆಗೆ ಇದ್ದದ್ದು ಎವರ್ಟನ ಆ ಹಳೇ ಉದ್ದನೆಯ ಕಾರು ಒಂದೇ.

ಮೊದಲ ಮಂಜು ಹೆಪ್ಪುಗಟ್ಟಿದ ವಾರ ಅದನ್ನು ತೆಗೆದುಕೊಂಡು ಒಬ್ಬಳೇ ಆಸ್ಪತ್ರೆಗೆ ಹೋದವಳು ಲಿಸ್ಬೆತ್. ಸಂಜೆ ಬಂದವಳೇ ಕೋಟು ತೆಗೆಯದೆ ಒಲೆಗೆ ಬೆನ್ನು ಹಚ್ಚಿ ನಿಂತಳು. ತಿಲ್ಡೆ ಬಟಾಣಿ ಸೂಪು ಬಡಿಸುತ್ತಿದ್ದಳು.

"ಅಪ್ಪ, ನಿನ್ನ ಕಾರಿನ ಹೀಟರ್ ಫ್ಯಾನ್ ಸತ್ತಿದೆ. ಗಾಜಿನ ತುಂಬ ಮಂಜು, ಉಜ್ಜಿ ಉಜ್ಜಿ ಕೈ ಮರಗಟ್ಟಿಹೋಯ್ತು."

"ಸತ್ತಿದೆ ಅಂದ್ರೆ? ಏಪ್ರಿಲಲ್ಲಿ ಚೆನ್ನಾಗೇ ಇತ್ತು. ಏನು ಮಾಡ್ದೆ ನೀನು?"

"ನಾನೇನು ಮಾಡ್ಲಿ? ಗುಂಡಿ ತಿರುಗಿಸ್ದೆ. ಬರ್ಲಿಲ್ಲ."

"ಜೋರಾಗಿ ತಿರುಗಿಸಿರ್ತೀಯ. ನಿನಗೆ ಯಾವುದನ್ನು ಮೆತ್ತಗೆ ಮುಟ್ಟಿ ಗೊತ್ತು."

ಅಷ್ಟರಲ್ಲಿ ಮೇಜಿಗೆ ಬಂದು ಕೂತಿದ್ದ ಲಿಸ್ಬೆತ್ ಚಮಚ ಕೆಳಗಿಟ್ಟಳು. "ಅಮ್ಮ ಹೇಗಿದ್ದಾಳೆ ಅಂತ ಇನ್ನೂ ಕೇಳಿಲ್ಲ ನೀನು. ಫ್ಯಾನ್ ಹೇಗಿತ್ತು ಅಂತ ಕೇಳ್ತಿದ್ದೀಯ."

ಎವರ್ಟ್ ತಟ್ಟೆಗೆ ಮುಖ ಹಾಕಿ ಸೂಪು ಕುಡಿದ. ಕೇಳಲು ಅವನಿಗೆ ಹೆದರಿಕೆಯಿತ್ತು. ಫ್ಯಾನಿನ ಮಾತಾದರೆ ಅವನಿಗೆ ಬರುತ್ತಿತ್ತು.

ಮರುದಿನವೇ ಗ್ಯಾರೇಜಿಗಿಳಿದ. ಹೀಟರ್ ಫ್ಯಾನ್ ನಿಂತರೆ ಹುಡುಕುವ ಕ್ರಮ ಒಂದಿದೆ: ಮೊದಲು ಫ್ಯೂಸ್, ಆಮೇಲೆ ಸ್ವಿಚ್ಚು, ಆಮೇಲೆ ತಂತಿ, ಎಲ್ಲ ಸರಿಯಿದ್ದರೆ ಕೊನೆಗೆ ಮೋಟರು. ಜೀವನವಿಡೀ ಮರದ ದಿಮ್ಮಿ ಸಾಗಿಸುವ ಲಾರಿಗಳನ್ನು ರಿಪೇರಿ ಮಾಡಿದವನಿಗೆ ಇದು ಯಾವ ಲೆಕ್ಕ? ಫ್ಯೂಸ್ ಸರಿಯಿತ್ತು. ಸ್ವಿಚ್ಚು ಬಿಚ್ಚಿ ಒರೆಸಿ ಹಾಕಿದ, ಸರಿಯಿತ್ತು. ಮೋಟರಿಗೆ ಹೋಗುವ ತಂತಿಯ ತುದಿಗೆ ಟೆಸ್ಟ್ ಲ್ಯಾಂಪು ಹಿಡಿದ. ಕಾಫಿ ಕೊಡಲು ಬಂದ ತಿಲ್ಡೆ ಅಲ್ಲೇ ಬಗ್ಗಿ ನೋಡಿದಳು.

"ಅಜ್ಜ, ದೀಪ ಉರೀತಿದೆ. ಅಂದ್ರೆ ಕರೆಂಟು ಅಲ್ಲಿತನಕ ಬಂತು ಅಲ್ವಾ?"

"ಬಂತು."

"ಹಾಗಾದ್ರೆ ಮೋಟರೇ ಹೋಗಿದೆ."

"ಮೋಟರು ಹೋಗಿಲ್ಲ. ಅದನ್ನ ಹಾಕಿದ್ದು ನಾನು."

ಅಲ್ಲಿಗೆ ಮಾತು ಮುಗಿಯಿತು. ಈ ಜಾತಿಯ ಕಾರಿನಲ್ಲಿ ಮೊದಲು ಫ್ಯಾನ್ ಇಟ್ಟು ಆಮೇಲೆ ಸುತ್ತ ಕಾರು ಕಟ್ಟಿದ್ದಾರೆ ಎಂದು ಊರವರು ನಗುತ್ತಾರೆ. ಮೋಟರು ತೆಗೆಯಬೇಕಾದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಎವರ್ಟ್ ವರ್ಷಗಳ ಹಿಂದೆ ಅದನ್ನೊಮ್ಮೆ ಮಾಡಿದ್ದ. ಗುಜರಿಯಿಂದ ಒಂದು ಮೋಟರು ತಂದು, ಕೈಯೆಲ್ಲ ತರಚಿಕೊಂಡು, ಮನೆಯವರ ಮೇಲೆಲ್ಲ ಎಗರಾಡಿ, ಕೊನೆಗೆ ಕೂರಿಸಿದ. ಮುಂದಿನ ಭಾನುವಾರ ಚರ್ಚಿನ ಕಾಫಿಗೆ ಕೂತಾಗ ಡಾಗ್ನಿ ಎಲ್ಲರ ಮುಂದೆ ಹೇಳಿದ್ದಳು: "ಈಗ ನಮ್ಮ ಕಾರು ಸೌನಾದ ಹಬೆಕೋಣೆ ಇದ್ದ ಹಾಗಿದೆ. ವರ್ಕ್‌ಶಾಪಿನವರು ಆಗಲ್ಲ ಅಂದಿದ್ರು, ನಮ್ಮನೆಯವರು ಮಾಡಿ ತೋರಿಸಿದ್ರು." ಆ ಮಾತು ಎವರ್ಟನ ಎದೆಯಲ್ಲಿ ಮೆಡಲಿನಂತೆ ಕೂತುಬಿಟ್ಟಿತ್ತು. ಮಿಕ್ಕ ಯಾವುದರ ಮೇಲಾದರೂ ಸಂಶಯಪಡುತ್ತಿದ್ದ, ಆ ಮೋಟರಿನ ಮೇಲೆ ಮಾತ್ರ ಪಡಲಾರ.

"ದೀಪಕ್ಕೇನು, ಚೂರೇ ಚೂರು ಕರೆಂಟು ಸಾಕು. ಮೋಟರಿಗೆ ಜಾಸ್ತಿ ಬೇಕು. ಎಲ್ಲೋ ತಂತಿ ಸವೆದಿದೆ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ತಂತಿಯ ಹಿಂದೆ ಬಿದ್ದ.

ಒಂದು ದಿನ ಅಂಗಡಿಯಿಂದ ತಿಲ್ಡೆಯನ್ನು ಕರೆತರುವಾಗ ಕಾರು ರೈಲುಹಳಿಯ ಮೇಲೆ ದಡಕ್ಕೆಂದು ಹಾರಿತು. ಫ್ಯಾನ್ ಗೊರ್ ಎಂದು ತಿರುಗತೊಡಗಿತು. ಎವರ್ಟ್ ಸ್ಟಿಯರಿಂಗಿಗೆ ಗುದ್ದಿದ.

"ನೋಡಿದ್ಯಾ? ತಂತಿ ಸಡಿಲ ಅಂತ ನಾನು ಹೇಳ್ಲಿಲ್ವಾ? ಕುಲುಕಿದ ತಕ್ಷಣ ಬಂತು."

"ಕುಲುಕಿದ್ರೆ ಮೋಟರೂ ಬರಬಹುದಲ್ಲ ಅಜ್ಜ."

"ನೀನು ಗಲ್ಲಾ ನೋಡ್ಕೊ."

ಮನೆ ಸೇರುವುದರೊಳಗೆ ಫ್ಯಾನ್ ಮತ್ತೆ ನಿಂತಿತ್ತು.

ನವೆಂಬರ್ ಮುಗಿಯುತ್ತ ಬಂದಾಗ ಆಸ್ಪತ್ರೆಯ ನರ್ಸ್ ಎವರ್ಟನನ್ನು ಪಕ್ಕಕ್ಕೆ ಕರೆದಳು. "ಈಗ ಸ್ವಲ್ಪ ಗಟ್ಟಿಯಾಗಿದ್ದಾರೆ. ಕುರ್ಚೀಲಿ ಕೂತ್ಕೊಳ್ತಾರೆ. ಒಂದು ದಿನದ ಮಟ್ಟಿಗೆ ಮನೆಗೆ ಕರ್ಕೊಂಡು ಹೋಗಿ ಬನ್ನಿ, ಕ್ರಿಸ್ಮಸ್ಸಿಗೆ ಮುಂಚೆ ಬರೋ ಅಡ್ವೆಂಟಿನ ಮೊದಲ ಭಾನುವಾರ ಆದ್ರೂ ಆಯ್ತು, ಕ್ರಿಸ್ಮಸ್ಸೇ ಆದ್ರೂ ಆಯ್ತು. ಬೇಗ ಆದಷ್ಟೂ ಒಳ್ಳೇದು. ಆದ್ರೆ ಗಾಡಿ ಬೆಚ್ಚಗಿರಬೇಕು. ಬಲಗಡೆ ಅವರಿಗೆ ಚಳಿ ಗೊತ್ತಾಗಲ್ಲ. ಬೆರಳು ಹೆಪ್ಪುಗಟ್ಟಿದ್ರೂ ಹೇಳೋಕಾಗಲ್ಲ."

ಎವರ್ಟ್ ಹಾಸಿಗೆಯ ಹತ್ತಿರ ಹೋಗಿ ಕೂತ. "ಡಾಗ್ನಿ, ಮನೆಗೆ ಹೋಗೋಣ. ಅಡುಗೆಮನೆ ಕಿಟಕಿ ಹತ್ರ ನಿನ್ನ ಕುರ್ಚಿ ಹಾಗೇ ಇದೆ. ಹಕ್ಕಿಗಳಿಗೆ ಓಟ್ಸಿನ ತೆನೆಕಟ್ಟು ಕಟ್ತೀನಿ. ನೀನು ಕೂತು ನೋಡು. ಬರ್ತೀಯಲ್ಲ?"

ಅವಳು ಬಹಳ ಹೊತ್ತು ಅವನ ಬಾಯಿಯನ್ನೇ ನೋಡಿದಳು. ಆಮೇಲೆ ಉಸಿರು ಒಳಗೆಳೆದುಕೊಂಡಳು, ಸುಯ್ ಎಂದು.

ಎವರ್ಟನಿಗೆ ಇನ್ನೇನು ಬೇಕು? ಡಾಗ್ನಿ ಮನೆಗೆ ಬರುತ್ತೇನೆ ಅಂದಿದ್ದಾಳೆ. ಈ ಲೋಕದಲ್ಲಿ ಅವನಿಗಿದ್ದ ಆಸೆ ಅದೊಂದೇ ಆಯಿತು.

ಆ ಶನಿವಾರ ಲಿಸ್ಬೆತ್ ಆಲೂಗಡ್ಡೆ ಕಡುಬು ಬೇಯಿಸಿದ್ದಳು, ಒಳಗೆ ಹಂದಿಮಾಂಸದ ಹೂರಣ. ಡಾಗ್ನಿಯ ಕೈಯಲ್ಲಿ ಉಂಡೆಯಾಗಿ ನಿಲ್ಲುತ್ತಿದ್ದ ಕಡುಬು ಇವಳ ಕೈಯಲ್ಲಿ ನೀರಿಗೆ ಬಿದ್ದದ್ದೇ ಬಿಚ್ಚಿಕೊಂಡಿತ್ತು. ಮೂವರೂ ಅದನ್ನೇ ಬೆಣ್ಣೆ ಹಾಕಿಕೊಂಡು ಗಂಜಿಯಂತೆ ತಿನ್ನುತ್ತಿದ್ದರು.

"ನಾಳೆ ಅಡ್ವೆಂಟು," ಅಂದಳು ಲಿಸ್ಬೆತ್. "ಪಕ್ಕದ ಮನೆಯವರನ್ನ ಕೇಳಿದೀನಿ. ಅವರ ಕಾರು ಕೊಡ್ತಾರಂತೆ. ಹೋಗಿ ಅಮ್ಮನ್ನ ಕರ್ಕೊಂಡು ಬರೋಣ."

"ಯಾರು ಕೇಳು ಅಂದ್ರು ನಿನಗೆ?"

"ಯಾರೂ ಹೇಳ್ಲಿಲ್ಲ. ನನ್ನ ಅಮ್ಮ, ನಾನು ಕೇಳ್ದೆ."

"ಅವಳು ನನ್ನ ಕಾರಲ್ಲಿ ಬರ್ತಾಳೆ. ಊರವರ ಕಾರಲ್ಲಿ ಭಿಕ್ಷೆ ಎತ್ತಿದ ಹಾಗೆ ಬರಬೇಕಾ? ತಂತಿ ಇನ್ನೊಂದೇ ಕಡೆ ನೋಡೋದಿದೆ. ಕ್ರಿಸ್ಮಸ್ಸಿಗೆ ಸರಿಯಾಗುತ್ತೆ."

"ಹಾಗಾದ್ರೆ ವರ್ಕ್‌ಶಾಪಿಗೆ ಕೊಡು."

"ನನ್ನ ಕಾರನ್ನ ಇನ್ನೊಬ್ಬ ಮುಟ್ಟಬೇಕಾಗಿಲ್ಲ."

"ಅಪ್ಪ, ಆರು ವಾರದಿಂದ ಆ ಗ್ಯಾರೇಜಲ್ಲಿ ಕೂತಿದೀಯ. ಸೌದೆ ನಾನು ಹೊರ್ತೀನಿ, ಹಿಮ ತಿಲ್ಡೆ ಎತ್ತುತ್ತಾಳೆ. ಮೋಟರು ಹೋಗಿದೆ ಅಂತ ಒಪ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

"ಹಾಳು ಮಾಡಿದವಳು ನೀನು. ಈಗ ನನಗೆ ಪಾಠ ಹೇಳ್ತೀಯ?"

ಲಿಸ್ಬೆತ್ ಎದ್ದು ನಿಂತಳು. "ಅಮ್ಮ ಯಾಕೆ ನಿನಗೆ ಯಾವತ್ತೂ ಏನೂ ಹೇಳ್ತಿರ್ಲಿಲ್ಲ ಗೊತ್ತಾ? ಹೆದರಿ ಅಲ್ಲ. ನೀನು ಮಾಡಿದ್ದು ಸರಿಯಿಲ್ಲ ಅಂದ್ರೆ ನಿನ್ನ ಮುಖ ಹೀಗಾಗುತ್ತಲ್ಲ, ಅದನ್ನ ನೋಡೋಕೆ ಅವಳ ಕೈಲಿ ಆಗ್ತಿರ್ಲಿಲ್ಲ."

ತಿಲ್ಡೆ ತಟ್ಟೆಗಳನ್ನು ಎತ್ತಿದಳು. ಅಡ್ವೆಂಟಿನ ಭಾನುವಾರ ಹಾಗೇ ಕಳೆಯಿತು. ಕಿಟಕಿಯಲ್ಲಿ ದೀಪ ಹಚ್ಚಿದ್ದರು, ಡಾಗ್ನಿಯ ಕುರ್ಚಿ ಖಾಲಿಯಿತ್ತು. ಎರಡನೆಯ ಭಾನುವಾರವೂ ಹಾಗೇ ಹೋಯಿತು.

ಡಿಸೆಂಬರ್ ನಡುವೆ ಬರುವ ಲೂಸಿಯಾ ಹಬ್ಬದ ಹೊತ್ತಿಗೆ ನೋಡಲು ಒಂದು ತಂತಿಯೂ ಉಳಿದಿರಲಿಲ್ಲ. ಎವರ್ಟ್ ಡ್ಯಾಶ್‌ಬೋರ್ಡ್ ಬಿಚ್ಚಲು ಕೂತ. ಯಾರನ್ನೂ ಕರೆಯಲಿಲ್ಲ, ತಿಲ್ಡೆ ತಾನಾಗಿಯೇ ಬಂದು ಟಾರ್ಚ್ ಹಿಡಿದಳು. ನಡುವಿನ ಹಲಗೆ ಕೈಗೆ ಬಂದಾಗ ಅವನು ಅದನ್ನು ಬೆಳಕಿಗೆ ತಿರುಗಿಸಿದ. ಡಾಗ್ನಿ ಕೂರುವ ಕಡೆ, ಕೆಳಗೆ, ಒಂದೇ ಜಾಗದಲ್ಲಿ ಹಲಗೆ ಸವೆದು ಬಿಳಿಚಿ ಒಳಕ್ಕೆ ತಗ್ಗಾಗಿತ್ತು.

"ನೋಡು ನಿನ್ನ ಅಜ್ಜಿ ಕೆಲಸ. ಬೂಟು ಬಡಿದೂ ಬಡಿದೂ ಹಲಗೇನೇ ತಗ್ಗು ಮಾಡಿಟ್ಟಿದಾಳೆ. ಎಷ್ಟು ಬಡ್ಕೊಂಡೆ ಬೇಡ ಅಂತ."

ಮೋಟರು ಹೊರಗೆ ಬಂತು. ಬಿಚ್ಚಿ ನೋಡಿದರೆ ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದು ಉಗುರಿನಷ್ಟೂ ಉಳಿದಿರಲಿಲ್ಲ. ಕೈಯಲ್ಲಿ ಹಿಡಿದು ಕುಲುಕಿದರೆ ಒಂದು ಕ್ಷಣ ತಗುಲುತ್ತಿತ್ತು, ಬಿಟ್ಟರೆ ಬಿಡುತ್ತಿತ್ತು. ಎವರ್ಟ್ ಅದನ್ನು ಟಾರ್ಚಿನ ಬೆಳಕಿಗೆ ಹಿಡಿದ.

"ಇದು ಈಗ ಹೋಗಿದ್ದಲ್ಲ," ಅಂದ. "ತರುವಾಗಲೇ ಅರ್ಧ ಸತ್ತಿತ್ತು. ಹಾಕಿದ ವರ್ಷವೇ ನಿಲ್ಲಬೇಕಿತ್ತು ಇದು. ಇಷ್ಟು ಚಳಿಗಾಲ ಹೇಗೆ ತಿರುಗ್ತು ಅಂತ ದೇವರಿಗೇ ಗೊತ್ತು."

"ಅಮ್ಮಂಗೆ ಹೇಳು ಅಜ್ಜ. ಅವಳು ಹಾಳು ಮಾಡ್ಲಿಲ್ಲ ಅಂತ."

ಆ ರಾತ್ರಿ ಊಟಕ್ಕೆ ಕೂತಾಗ ಎವರ್ಟ್ ಬ್ರೆಡ್ಡಿಗೆ ಬೆಣ್ಣೆ ಸವರಿ, ತಾನು ತಿನ್ನದೆ, ಮಗಳ ತಟ್ಟೆಯಲ್ಲಿ ಇಟ್ಟ. "ಮೋಟರೇ," ಅಂದ. ಲಿಸ್ಬೆತ್ ಬ್ರೆಡ್ ತಿಂದಳು. ಅದಕ್ಕಿಂತ ದೊಡ್ಡ ಕ್ಷಮಾಪಣೆ ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಹೊಸ ಮೋಟರು ತರಿಸಿ, ಕೂರಿಸಿ, ಎಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಕ್ರಿಸ್ಮಸ್ ಹೊಸ್ತಿಲಿಗೆ ಬಂದಿತ್ತು. ಗುಂಡಿ ತಿರುಗಿಸಿದ ಕೂಡಲೇ ಫ್ಯಾನ್ ಹಾಡಿದಂತೆ ಸದ್ದು ಮಾಡಿತು. ಮೂವರೂ ಕಾರಿನೊಳಗೆ ಕೂತು ಬಿಸಿಗಾಳಿಗೆ ಕೈಯೊಡ್ಡಿ ಅಲ್ಲೇ ಕಾಫಿ ಕುಡಿದರು. ಎವರ್ಟ್ ಅಂಗಳದ ಕಂಬಕ್ಕೆ ಓಟ್ಸಿನ ತೆನೆಕಟ್ಟು ಕಟ್ಟಿದ. ಡಾಗ್ನಿಯ ಕುರ್ಚಿಗೆ ಕುರಿಯ ತೊಗಲು ಹಾಸಿದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಎತ್ತಿಕೊಂಡವಳು ಲಿಸ್ಬೆತ್. ಡಾಗ್ನಿಯ ಎದೆಗೆ ನ್ಯುಮೋನಿಯಾ ಇಳಿದಿತ್ತು. ಎಲ್ಲಿಗೂ ಕರೆದೊಯ್ಯುವಂತಿಲ್ಲ.

ಲಿಸ್ಬೆತ್ ಫೋನು ಇಟ್ಟು ಅಪ್ಪನನ್ನು ನೋಡಿದಳು. ನೀನು ಆವತ್ತೇ ನನ್ನ ಮಾತು ಕೇಳಿದ್ದರೆ ಎಂದು ಅನ್ನಬಹುದಿತ್ತು, ಅನ್ನಲಿಲ್ಲ. ಅಂದಿದ್ದರೇ ಎವರ್ಟನಿಗೆ ಹಗುರವಾಗುತ್ತಿತ್ತೇನೋ. ಎರಡು ಭಾನುವಾರ ಡಾಗ್ನಿ ಮನೆಗೆ ಬರಬಹುದಿತ್ತು. ಮೋಟರು ಹೋಗಿದೆಯೆಂದು ಟೆಸ್ಟ್ ಲ್ಯಾಂಪು ಉರಿದಾಗಲೇ ಅವನಿಗೂ ಒಳಗೊಳಗೆ ಗೊತ್ತಿತ್ತು. ಆ ಹಬ್ಬದಲ್ಲಿ ತೆನೆಕಟ್ಟನ್ನು ಹಕ್ಕಿಗಳು ತಿಂದು ಮುಗಿಸಿದವು, ಯಾರೂ ಕೂತು ನೋಡಲಿಲ್ಲ.

ಡಾಗ್ನಿ ಅದರಿಂದಲೂ ಎದ್ದಳು, ಆದರೆ ಅರ್ಧದಷ್ಟೇ ಉಳಿದಿದ್ದಳು. ಜನವರಿಯಲ್ಲಿ ಡಾಕ್ಟರು, ವೃದ್ಧರ ಆರೈಕೆಯ ಹೊಣೆ ಹೊತ್ತ ಪುರಸಭೆಯವರು ಎಲ್ಲ ಕೂತು ಮಾತಾಡಿದರು. ಮನೆಯಲ್ಲಿ ನೋಡಿಕೊಳ್ಳುವುದು ಸಾಧ್ಯವಿಲ್ಲ, ಕೆರೆಯಾಚೆಯ ಆರೈಕೆ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಇನ್ನು ಮುಂದೆ ಅಲ್ಲೇ. ಒಂದು ದಿನಕ್ಕೆ ಮನೆಗೆ ಬಂದು ಹೋಗುವ ಮಾತು ಮುಗಿಯಿತು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ದಾರಿಯೇ ಅವಳಿಗೆ ಭಾರ.

"ಅಲ್ಲಿಗೆ ನಾನೇ ಕರ್ಕೊಂಡು ಹೋಗ್ತೀನಿ. ನನ್ನ ಕಾರಲ್ಲಿ," ಅಂದ ಎವರ್ಟ್. "ಈಗ ಬೆಚ್ಚಗಿದೆ."

ನರ್ಸ್ ಬೇಡವೆನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ ಒಳಗೆ ಹೋದಳು. ಡಾಕ್ಟರನ್ನು ಕೇಳಿ ಬಂದು, "ಆಗಲಿ, ಮಗಳು ಜೊತೆಗಿರಲಿ," ಅಂದಳು.

ಆ ದಿನ ಕೊರೆಯುವ ಚಳಿ. ಎವರ್ಟ್ ಮೊದಲೇ ಹೋಗಿ ಕಾರನ್ನು ಬಿಸಿ ಮಾಡಿಟ್ಟಿದ್ದ. ಆಸ್ಪತ್ರೆಯವರು ಡಾಗ್ನಿಯನ್ನು ಗಾಲಿಕುರ್ಚಿಯಲ್ಲಿ ಬಾಗಿಲಿನವರೆಗೆ ತಂದು, ಇಬ್ಬರು ಎತ್ತಿ, ಅವಳ ಜಾಗದಲ್ಲಿ ಕೂರಿಸಿದರು. ಲಿಸ್ಬೆತ್ ಅವಳ ಹಳೇ ಬೂಟುಗಳನ್ನೇ ತೊಡಿಸಿದ್ದಳು. ಮೈಗೆಲ್ಲ ಕಂಬಳಿ ಸುತ್ತಿ ತಾನು ಹಿಂದೆ ಕೂತಳು. ಡಾಗ್ನಿ ಎದುರಿನ ಗಾಜನ್ನು ನೋಡುತ್ತಿದ್ದಳು, ಗಂಡನ ಕಡೆ ತಿರುಗಲಿಲ್ಲ.

ಎವರ್ಟ್ ಗಾಡಿ ಚಾಲೂ ಮಾಡಿದ. ಫ್ಯಾನ್ ತಾನಾಗಿಯೇ ತಿರುಗಿತು, ಬಿಸಿಗಾಳಿ ಬಂತು.

ಡಾಗ್ನಿಯ ಎಡಗಾಲು ಕಂಬಳಿಯೊಳಗಿಂದ ಮೆಲ್ಲಗೆ ಮೇಲೆದ್ದಿತು. ನಡುವಿನ ಹಲಗೆಗೆ, ಆ ತಗ್ಗಿಗೇ, ಬೂಟು ಬಡಿಯಿತು.

ಅವಳು ಕಿವಿಗೊಟ್ಟಳು. ಏನೋ ಸರಿಹೋಗಲಿಲ್ಲವೆಂಬಂತೆ ಹುಬ್ಬು ಗಂಟಾಯಿತು. ಮತ್ತೊಮ್ಮೆ ಬಡಿದಳು.

"ಅಮ್ಮ, ಬೂಟಲ್ಲಿ ಹಿಮ ಇಲ್ಲಮ್ಮ," ಅಂದಳು ಲಿಸ್ಬೆತ್ ಹಿಂದಿನಿಂದ. "ಕುರ್ಚೀಲಿ ಬಂದ್ಯಲ್ಲ, ಕಾಲು ನೆಲಕ್ಕೇ ಇಟ್ಟಿಲ್ಲ ನೀನು."

ಎವರ್ಟ್ ಗೇರಿನ ಮೇಲಿಟ್ಟ ಕೈ ಹಾಗೇ ನಿಂತಿತು. ಹಿಮ ಇರಲಿಲ್ಲ. ಹಿಮ ಯಾವತ್ತೂ ಉಳಿದಿರಲಿಲ್ಲ. ಹೊರಗೆ ಅಷ್ಟು ಬಡಿದ ಮೇಲೆ ಉಳಿಯುವುದಾದರೂ ಹೇಗೆ? ರೈಲುಹಳಿಯ ಮೇಲೆ ಕಾರು ಹಾರಿದಾಗ ತಿರುಗಿದ ಫ್ಯಾನ್ ಅವನಿಗೆ ನೆನಪಾಯಿತು, ಕೈಯಲ್ಲಿ ಕುಲುಕಿದರೆ ತಗುಲುತ್ತಿದ್ದ ಕಾರ್ಬನ್ ನೆನಪಾಯಿತು. ಆಮೇಲೆ ಚರ್ಚಿನಲ್ಲಿ ಕಾಫಿ ಬಟ್ಟಲು ಹಿಡಿದು ಎಲ್ಲರ ಮುಂದೆ ಸೌನಾ ಎಂದು ಹೊಗಳಿದವಳ ಮುಖ ನೆನಪಾಯಿತು. ಅಷ್ಟು ಹೊಗಳಿದ ಮೇಲೆ, ಅದು ನಿಂತುಹೋಗಿದೆ ಎಂದು ಹೇಳಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಹೇಳುವ ಬದಲು ಪ್ರತಿ ಬೆಳಿಗ್ಗೆ ಒದ್ದಿದ್ದಳು. ಒದ್ದದ್ದಕ್ಕೆ ಅವನಿಂದ ಪ್ರತಿ ಬೆಳಿಗ್ಗೆ ಬೈಸಿಕೊಂಡಿದ್ದಳು.

"ಅಪ್ಪ, ಏನಾಯ್ತು? ಹೊರಡು."

"ಇರು ಲಿಸ್ಬೆತ್. ಸುಮ್ನಿರು."

ಅವನು ಕೈಚಾಚಿ ಗುಂಡಿ ತಿರುಗಿಸಿ ಫ್ಯಾನ್ ನಿಲ್ಲಿಸಿದ. ಕಾರಿನೊಳಗೆ ನಿಶ್ಶಬ್ದವಾಯಿತು. ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡು ಕಾದ.

ಡಾಗ್ನಿಯ ಕಾಲು ಎದ್ದಿತು. ಧಡ್ ಎಂದಿತು. ಎವರ್ಟ್ ಗುಂಡಿ ತಿರುಗಿಸಿದ. ಫ್ಯಾನ್ ಓಡಿತು, ಬಿಸಿಗಾಳಿ ಅವಳ ಮುಖಕ್ಕೆ ಬಂತು, ಹುಬ್ಬಿನ ಗಂಟು ಸಡಿಲವಾಯಿತು.

"ಬೆಚ್ಚಗಾಯ್ತಾ ಡಾಗ್ನಿ?"

ಅವಳು ಉಸಿರನ್ನು ಒಳಗೆಳೆದುಕೊಂಡಳು.

"ಎಷ್ಟು ವರ್ಷದಿಂದ ಒದೀತಿದ್ದೆ ಮಾರಾಯ್ತಿ," ಅಂದ ಎವರ್ಟ್. "ಒಂದು ಮಾತು ಹೇಳಬಾರದಿತ್ತಾ? ನಾನು ಬೈದೆನಲ್ಲ. ಕೊಟ್ಟಿಗೆ ಅಂದೆನಲ್ಲ." ಹಿಂದಿನ ಸೀಟಿನಲ್ಲಿ ಲಿಸ್ಬೆತ್ ಅರ್ಥವಾಗಿ ಬಾಯಿಗೆ ಕೈಗವಸು ಒತ್ತಿಕೊಂಡಳು. ಆಮೇಲೆ ಮುಂದಕ್ಕೆ ಬಾಗಿ ಅಪ್ಪನ ಭುಜ ಹಿಡಿದಳು. ಅವಳು ಹಾಗೆ ಹಿಡಿದು ಎಷ್ಟೋ ವರ್ಷವಾಗಿತ್ತು.

ಹೊರಟರು. ಪೆಟ್ರೋಲ್ ಬಂಕಿನ ಹತ್ತಿರ ನಿಂತಾಗ ಎವರ್ಟ್ ಫ್ಯಾನ್ ಆರಿಸಿ ಕಾದ; ಡಾಗ್ನಿ ಒದ್ದಳು, ಅವನು ಹಚ್ಚಿದ. ರೈಲುಹಳಿಯ ಗೇಟಿನಲ್ಲಿ ನಿಂತಾಗಲೂ ಅಷ್ಟೇ. ಒದ್ದಾಗಲೆಲ್ಲ ಅವಳ ಮುಖದಲ್ಲಿ ಒಂದು ಕೆಲಸ ಮುಗಿಸಿದ ತೃಪ್ತಿ ಕಾಣುತ್ತಿತ್ತು. ಸ್ನೇಹಿತೆಯರ ನಡುವೆ ಕೂತು ಹೆಣಿಗೆ ಮುಗಿಸಿದಾಗ ಅವಳಿಗೆ ಇರುತ್ತಿದ್ದ ಮುಖವೇ ಅದು.

ಕೆರೆಯ ತುದಿಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಆರೈಕೆ ಮನೆ. ಎವರ್ಟ್ ಅಲ್ಲಿ ಗಾಡಿ ನಿಲ್ಲಿಸಿದ. ಎಡಗಡೆಯ ದಾರಿಯಲ್ಲಿ ಹಿಮ ತೆಗೆದಿದ್ದರು. ಕಾಡಿನ ಹಿಂದೆ ತಮ್ಮ ಮನೆಯ ಹೊಗೆ ನೆಟ್ಟಗೆ ಏರುತ್ತಿರುವುದು ಕಾಣುತ್ತಿತ್ತು. ತಿಲ್ಡೆ ಒಲೆ ಹಚ್ಚಿದ್ದಾಳೆ.

"ಅಪ್ಪ," ಅಂದಳು ಲಿಸ್ಬೆತ್ ಮೆತ್ತಗೆ, "ಡಾಕ್ಟರು ಏನಂದ್ರು ನೆನಪಿದೆಯಲ್ಲ."

"ನೆನಪಿದೆ."

ಅವನು ಫ್ಯಾನ್ ಆರಿಸಿದ. ಕಾದ. ಡಾಗ್ನಿಯ ಕಾಲು ಏಳಲಿಲ್ಲ. ನೋಡಿದರೆ ಅವಳು ನಿದ್ದೆಹೋಗಿದ್ದಳು, ಬೆಲ್ಟಿಗೆ ಕೆನ್ನೆ ಆನಿಸಿ, ಬಾಯಿ ಚೂರು ತೆರೆದು. ಗಾಜಿನ ಅಂಚಿನಿಂದ ಮಂಜು ಹತ್ತತೊಡಗಿತು. ಎವರ್ಟ್ ಇನ್ನೂ ಸ್ವಲ್ಪ ಹೊತ್ತು ಕಾದ.

ಆಮೇಲೆ ತನ್ನ ಬಲಗಾಲನ್ನು ಎತ್ತಿ, ತನ್ನ ಕಡೆಯಿಂದ, ಅವಳಿಗೆ ಎಚ್ಚರವಾಗದಂತೆ ಮೆಲ್ಲಗೆ, ನಡುವಿನ ಹಲಗೆಗೆ ಒಮ್ಮೆ ಬಡಿದ. ಗುಂಡಿ ತಿರುಗಿಸಿದ. ಬಿಸಿಗಾಳಿ ಬಂದ ಮೇಲೆ ಗಾಡಿಯನ್ನು ಬಲಕ್ಕೆ ತಿರುಗಿಸಿದ.